ಶುಶ್ರೂಷಾ ಶಿಕ್ಷಣದ ಜನನಿ ಫ್ಲಾರೆನ್ಸ್ ನೈಟಿಂಗೇಲ್

ನಮ್ಮ ಧರ್ಮಕೇಂದ್ರದ ಅನೇಕ ಮನೆಗಳ ಹೆಣ್ಣುಮಕ್ಕಳು ಊರಿನಲ್ಲಿಯೂ ಪರದೇಶಗಳಲ್ಲಿಯೂ ದಾದಿಯರಾಗಿ ಸೇವೆ ಸಲ್ಲಿಸುತ್ತಿರುವರು. ಶುಶ್ರೂಷಾ ಶಾಲೆಯಲ್ಲಿರುವಾಗ ಅವರು ಹಳ್ಳಿಗಳಿಗೆ ತೆರಳಿ, ಬಾವಿ ಎಲ್ಲಿದೆ, ಚರಂಡಿ ಎತ್ತ ಹರಿಯುತ್ತದೆ, ಮನೆಯಲ್ಲಿ ಎಷ್ಟು ಮಂದಿ ಎಂದು ವಿಚಾರಿಸಿ ಬರೆದುಕೊಳ್ಳುವುದು ಪಾಠದ ಒಂದು ಅಂಗ. ನೆರೆ, ಸಾಂಕ್ರಾಮಿಕ ರೋಗ ಮುಂತಾದ ವಿಪತ್ತುಗಳಿಗೆ ಮುಂಚಿತವಾಗಿಯೇ ಸಿದ್ಧರಾಗುವ ಬಗೆಯನ್ನೂ ಅವರಿಗೆ ಬೋಧಿಸಲಾಗುತ್ತದೆ. ರೋಗಿಯ ಹಾಸಿಗೆಯ ಬಳಿ ಇರಬೇಕಾದವರಿಗೆ ಈ ಗೊಡವೆ ಏಕೆಂದು ಕೇಳುವವರುಂಟು. ಅದಕ್ಕೆ ಉತ್ತರ ಫ್ಲಾರೆನ್ಸ್ ನೈಟಿಂಗೇಲರ ಜೀವನದಲ್ಲಿದೆ. ಅದೂ ಶಾಲಾಪುಸ್ತಕಗಳ ದೀಪದ ಕಥೆಗಿಂತ ಹೆಚ್ಚಾಗಿ ಅದರ ಅನಂತರದ ಕಥೆಯಲ್ಲಿದೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗಳಿಗೆ ಈಕೆ ಜನಿಸಿದರು. ತಂದೆಯೇ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿಸಿದರು. ಗಣಿತದಲ್ಲಿ ಆಕೆಗೆ ವಿಶೇಷ ಒಲವು. ಹದಿನಾರನೆಯ ವಯಸ್ಸಿನಲ್ಲಿಯೇ ದೇವರ ಕರೆ ತಮಗೆ ಬಂದಿತೆಂದು ಆಕೆ ದೃಢವಾಗಿ ನಂಬಿದರು. ದಾದಿಯ ಕೆಲಸ ಆಗ ಮಾನವಂತರದೆನಿಸಿರಲಿಲ್ಲವಾದ್ದರಿಂದ ಮನೆಯವರು ವರ್ಷಗಟ್ಟಲೆ ತಡೆದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿದ್ದ ಪ್ರೊಟೆಸ್ಟೆಂಟ್ ಸೇವಿಕೆಯರ ಸಂಸ್ಥೆಯಲ್ಲಿ ಮೂರು ತಿಂಗಳು ತರಬೇತಿ ಪಡೆದರು. ಕಥೋಲಿಕ ಶ್ರೀಸಭೆಯನ್ನು ಸೇರುವ ಆಲೋಚನೆಯೂ ಆಕೆಗೆ ಒಮ್ಮೆ ಇದ್ದಿತು. ಮುಂದೆ ಕಾರ್ಡಿನಲರಾದ ಮ್ಯಾನಿಂಗ್‌ರೊಡನೆ ಈ ಕುರಿತು ಪತ್ರವ್ಯವಹಾರ ನಡೆಸಿದರಾದರೂ ಕೊನೆಯವರೆಗೂ ಆಂಗ್ಲಿಕನ್ ಸಭೆಯಲ್ಲಿಯೇ ಉಳಿದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ದುರವಸ್ಥೆ ಪತ್ರಿಕೆಗಳಲ್ಲಿ ಪ್ರಕಟವಾದಾಗ ಸರಕಾರವು ಆಕೆಯನ್ನು 38 ಶುಶ್ರೂಷಕಿಯರೊಡನೆ ತುರ್ಕಿಯ ಸ್ಕುಟಾರಿಗೆ ಕಳುಹಿಸಿತು. ಅವರಲ್ಲಿ ಹತ್ತು ಮಂದಿ ಕಥೋಲಿಕ ಧರ್ಮಭಗಿನಿಯರು. ಬರ್ಮಂಡ್ಸೆ ಕನ್ಯಾಮಠದ ಮದರ್ ಮೇರಿ ಕ್ಲೇರ್ ಮೂರ್ ಆಕೆಗೆ ಬಲಗೈಯಾಗಿ ನಿಂತರು. ಆ ಸ್ನೇಹ 1874ರಲ್ಲಿ ಮದರ್‌ರವರ ಮರಣದವರೆಗೂ ಬಾಡಲಿಲ್ಲ. ಆದರೆ ಅನಂತರ ಬಂದ ಐರಿಷ್ ಭಗಿನಿಯರ ಮುಖ್ಯಸ್ಥೆ ಮದರ್ ಬ್ರಿಜ್‌ಮನ್‌ರಿಗೂ ನೈಟಿಂಗೇಲರಿಗೂ ಸರಿಬೀಳಲಿಲ್ಲ. ಸೇವಾಕ್ಷೇತ್ರದಲ್ಲಿಯೂ ಅಧಿಕಾರದ ಪ್ರಶ್ನೆ ಏಳುವುದುಂಟು, ಇದನ್ನು ಮರೆಮಾಚಬೇಕಾಗಿಲ್ಲ.

ಸ್ಕುಟಾರಿಯಲ್ಲಿ ಯಾವ ಪೂರ್ವಸಿದ್ಧತೆಯೂ ಇರಲಿಲ್ಲ. ನವೆಂಬರ್ 4ರಂದು ಅವರು ತಲುಪಿದರು. ಮರುದಿನವೇ ಇಂಕರ್ಮನ್ ಕದನ. ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದರು. ಬಟ್ಟೆ, ಪಾತ್ರೆ, ಸಾಬೂನುಗಳಿಗೂ ಅಭಾವ. ಇನ್ನೂ ನೂರಾರು ಮಂದಿ ಬರುವರೆಂದು ತಿಳಿದೊಡನೆ ಆಕೆ ಸರಕಾರದ ಅಪ್ಪಣೆಗೆ ಕಾಯದೆ, ತಮ್ಮ ಕೈಯಲ್ಲಿದ್ದ ಹಣದಿಂದ ಕೂಲಿಗಳನ್ನು ಗೊತ್ತುಮಾಡಿ ಪಾಳುಬಿದ್ದ ವಿಭಾಗವೊಂದನ್ನು ದುರಸ್ತಿಗೊಳಿಸಿದರು.

ಇಷ್ಟಾದರೂ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ರೋಗಿಗಳ ಮರಣಪ್ರಮಾಣ ಶೇಕಡಾ 42ನ್ನು ಮುಟ್ಟಿತು. ಆ ಮಹಾಕಟ್ಟಡ ನಿಂತಿದ್ದುದೇ ಕೊಳೆತ ಚರಂಡಿಗಳ ಮೇಲೆ. ಮಾರ್ಚಿಯಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೊಳೆಯಿಸಿ, ನೀರಿನ ಮೂಲವನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ವೇಳೆಗೆ ಪ್ರಮಾಣ ಶೇಕಡಾ 2ರ ಸಮೀಪಕ್ಕಿಳಿಯಿತು.

ಯುದ್ಧ ಮುಗಿದು 1856ರಲ್ಲಿ ಸ್ವದೇಶಕ್ಕೆ ಮರಳಿದಾಗ ಜನರು ಆಕೆಯನ್ನು ಕೊಂಡಾಡಿದರು. ಆಕೆಯಾದರೋ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ರೊಡನೆ ಕುಳಿತು ಸತ್ತವರನ್ನು ಎಣಿಸಿದರು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ಎಷ್ಟೋ ಪಾಲು ಹೆಚ್ಚು ಎಂದು ಆ ಎಣಿಕೆ ತೋರಿಸಿತು. ತಮ್ಮ ಕಣ್ಣೆದುರಿಗೇ, ತಮ್ಮ ಆರೈಕೆಯಲ್ಲಿಯೇ ಇವರು ಮಡಿದರೆಂಬ ನೋವು ಆಕೆಯನ್ನು ಎಂದೂ ಬಿಡಲಿಲ್ಲ. ಮಂತ್ರಿಗಳಿಗೂ ಅರ್ಥವಾಗಲೆಂದು ತಿಂಗಳವಾರು ಮರಣಗಳನ್ನು ಬಣ್ಣದ ವೃತ್ತಚಿತ್ರಗಳಲ್ಲಿ ಬಿಡಿಸಿದರು. ಕೆಟ್ಟ ಗಾಳಿಯೇ ರೋಗಕಾರಣವೆಂಬ ಅಂದಿನ ಮತವನ್ನು ಆಕೆಯೂ ನಂಬಿದ್ದರು. ಸಿದ್ಧಾಂತ ತಪ್ಪು, ಸೂಚಿಸಿದ ಪರಿಹಾರ ಮಾತ್ರ ಸರಿ.

1860ರಲ್ಲಿ ಲಂಡನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ಜನರು ಕಾಣಿಕೆಯಾಗಿತ್ತ ನಿಧಿಯೇ ಅದರ ಮೂಲಧನ. ಒಂದು ವರ್ಷದ ತರಬೇತಿ. ಕಂಡುದನ್ನು ನಿಖರವಾಗಿ ಗಮನಿಸಿ ಹೇಳುವುದು ಅಲ್ಲಿಯ ಮುಖ್ಯ ಪಾಠ. ಆ ಶಾಲೆಯ ಆಗ್ನೆಸ್ ಜೋನ್ಸ್ ಲಿವರ್‌ಪೂಲಿನ ಬಡವರ ಆಸ್ಪತ್ರೆಯಲ್ಲಿ ದುಡಿದು 1868ರಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದರು. ಅದೇ ನಗರದಲ್ಲಿ ವಿಲಿಯಂ ರಾತ್‌ಬೋನ್ ಎಂಬ ವರ್ತಕರು ನೈಟಿಂಗೇಲರ ಸಲಹೆಯಂತೆ ಊರನ್ನು ವಿಭಾಗಗಳಾಗಿ ವಿಂಗಡಿಸಿ, ಬಡವರ ಮನೆಗಳಿಗೇ ದಾದಿಯರನ್ನು ಕಳುಹಿಸಿದರು.

ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಕಾಯಿಲೆಯಿಂದ ಬಹುಕಾಲ ಕೋಣೆಯನ್ನೇ ಬಿಡದಿದ್ದವರು ಇಲ್ಲಿಯ ದಂಡಿನ ಠಾಣ್ಯಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ ನೀರು, ಚರಂಡಿ, ವಸತಿಗಳ ವಿವರ ತರಿಸಿಕೊಂಡರು. ಬೆಂಗಳೂರಿನ ವರದಿಯೂ ಅದರಲ್ಲಿತ್ತು. ಕುಡಿಯುವ ನೀರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಬಂದು ಸೇರುವುದನ್ನು ಲಂಡನ್ನಿನಲ್ಲಿದ್ದೇ ಎತ್ತಿ ತೋರಿಸಿದರು. ಇಲ್ಲಿ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿಯಿಂದ ತಿಳಿಯಿತು. ಹತ್ತು ವರ್ಷಗಳಲ್ಲಿ ಅದು 18ಕ್ಕಿಳಿಯಿತೆಂದು ಆಕೆಯೇ ಲೆಕ್ಕ ಕೊಟ್ಟರು. ಸೈನಿಕರ ಆರೋಗ್ಯ ಸುತ್ತಲಿನ ಜನರ ಆರೋಗ್ಯದಿಂದ ಬೇರೆಯಲ್ಲವೆಂದು ಅರಿತು, ಮುಂದೆ ಹಳ್ಳಿಗಳ ನೈರ್ಮಲ್ಯಕ್ಕೂ ನೀರಾವರಿಗೂ ವಾದಿಸಿದರು. ಮದರಾಸು, ಮೈಸೂರು ಸೀಮೆಗಳನ್ನು ಹಾಳುಗೆಡವಿದ 1876–78ರ ಕ್ಷಾಮದ ಕಾಲದಲ್ಲಿಯೂ, ಬರ ಬಂದ ಮೇಲೆ ಗಂಜಿ ಕೊಡುವುದಷ್ಟೇ ಸಾಲದು, ಬರುವ ಮೊದಲೇ ಕಾಲುವೆ ತೋಡಬೇಕೆಂಬುದು ಆಕೆಯ ನಿಲುವಾಗಿತ್ತು.

1892ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಕಿಂಗ್‌ಹ್ಯಾಮ್‌ಷೈರಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಆರೋಗ್ಯಪಾಠ ಹೇಳುವ ಮಹಿಳೆಯರ ತರಬೇತಿಯನ್ನು ಆಕೆ ಯೋಜಿಸಿದರು. ರೋಗಿಗಳಿಗಾಗಿ ಅಲ್ಲ, ರೋಗ ಬರದಿರುವವರಿಗಾಗಿ ಈ ಶಿಕ್ಷಣ. ಕ್ರಮೇಣ ದೃಷ್ಟಿ ನಂದಿತು. 1910ರ ಆಗಸ್ಟ್ 13ರಂದು ದೈವಾಧೀನರಾದಾಗ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯ ಗೌರವ ದೊರೆಯುವಂತಿತ್ತು. ಕುಟುಂಬದವರು ಅದನ್ನು ನಯವಾಗಿ ನಿರಾಕರಿಸಿ, ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಹೂಳಿದರು.