ಊರಿನ ನಾಡಿ ಹಿಡಿದು ನೋಡಿದ ಗೆಡ್ಡಿಸ್

ಸ್ಮಾರ್ಟ್ ಸಿಟಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸೆನ್ಸರ್, ಎಲ್‌ಇಡಿ ದೀಪ, ಗೋಡೆ ತುಂಬಾ ಪರದೆಗಳಿರೋ ಕಂಟ್ರೋಲ್ ರೂಮು. ಆದರೆ 2015ರಲ್ಲಿ ಶುರುವಾದ ಯೋಜನೆಯಲ್ಲಿ ಆಯ್ಕೆಯಾಗಬೇಕಾದರೆ ಪ್ರತಿ ಊರೂ ಮೊದಲು ತನ್ನ ಸ್ಥಿತಿಗತಿಯನ್ನು ತಾನೇ ಅಳೆದು ತೋರಿಸಬೇಕಿತ್ತು. ನಮ್ಮ ದಾವಣಗೆರೆ, ಬೆಳಗಾವಿಗಳು ಹಾಗೆ ಅಳೆದುಕೊಂಡೇ ಮೊದಲ ಪಟ್ಟಿಗೆ ಬಂದವು. ಇದಕ್ಕೆ ನೂರು ವರ್ಷ ಮೊದಲೇ, ಊರಿಗೆ ಮದ್ದು ಕೊಡೋ ಮುಂಚೆ ರೋಗ ಏನು ಅಂತ ನೋಡಬೇಕು ಎಂದು ಹಟ ಹಿಡಿದು ಭಾರತದ ಗಲ್ಲಿಗಲ್ಲಿ ಸುತ್ತಿದವರು ಪ್ಯಾಟ್ರಿಕ್ ಗೆಡ್ಡಿಸ್. ಅವರು ಎಂಜಿನಿಯರ್ ಅಲ್ಲ. ಅಷ್ಟೇ ಯಾಕೆ, ಕೈಯಲ್ಲಿ ಒಂದು ಡಿಗ್ರಿಯೂ ಇರಲಿಲ್ಲ!

ಗೆಡ್ಡಿಸ್ ಹುಟ್ಟಿದ್ದು 1854ರಲ್ಲಿ, ಸ್ಕಾಟ್ಲೆಂಡಿನ ಬ್ಯಾಲಟರ್‌ನಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿ ಒಂದೇ ವಾರಕ್ಕೆ ಬಿಟ್ಟರು. ಲಂಡನ್ನಿಗೆ ಹೋಗಿ ಹಕ್ಸ್ಲಿಯ ಬಳಿ ಜೀವಶಾಸ್ತ್ರ ಕಲಿತರು. 1879ರಲ್ಲಿ ಮೆಕ್ಸಿಕೋಗೆ ಹೋದಾಗ ಕಣ್ಣು ಕೈಕೊಟ್ಟಿತು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಕೂತಿದ್ದಾಗ ಕಾಗದವನ್ನು ಚೌಕ ಚೌಕವಾಗಿ ಮಡಚಿ, ಒಂದೊಂದು ಮನೆಗೆ ಒಂದೊಂದು ವಿಷಯ ಇಟ್ಟು ಯೋಚಿಸೋ ಅಭ್ಯಾಸ ಮಾಡಿಕೊಂಡರು. ಜಾಗ, ಕೆಲಸ, ಜನ ಈ ಮೂರನ್ನೂ ಒಟ್ಟಿಗೆ ನೋಡುವ ಅವರ ಕ್ರಮ ಮುಂದೆ ಇಂಥ ಮಡಿಕೆಗಳಲ್ಲೇ ಬೆಳೆಯಿತು. ಕಣ್ಣು ಮರಳಿತು. ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವ ಕೆಲಸ ಮಾತ್ರ ಮೊದಲಿನ ಹಾಗೆ ಆಗಲಿಲ್ಲ.

ಮದುವೆಯಾದ ಮೇಲೆ ಹೆಂಡತಿ ಆನಾ ಜೊತೆ ಎಡಿನ್‌ಬರೋದ ಹಳೇ ಊರಿನ ಕೊಳಕು ವಠಾರಕ್ಕೇ ವಾಸಕ್ಕೆ ಹೋದರು. ಮನೆಗಳನ್ನು ಕೆಡವದೆ ಸುಣ್ಣ ಬಳಿದು, ರಿಪೇರಿ ಮಾಡಿಸಿ, ಖಾಲಿ ಮೂಲೆಗಳಲ್ಲಿ ತೋಟ ಎಬ್ಬಿಸಿದರು.

ಭಾರತಕ್ಕೆ ಬಂದಿದ್ದು 1914ರಲ್ಲಿ. ವರ್ಷಗಟ್ಟಲೆ ಕೂಡಿಟ್ಟ ನಗರಗಳ ನಕ್ಷೆ, ಚಿತ್ರಗಳ ಪ್ರದರ್ಶನ ಬೇರೆ ಹಡಗಿನಲ್ಲಿ ಬರುತ್ತಿತ್ತು. ಮದ್ರಾಸಿಗೆ ಗುಂಡು ಹೊಡೆದ ಅದೇ ಎಮ್ಡನ್ ಆ ಹಡಗನ್ನೂ ಮುಳುಗಿಸಿತು. ಬ್ಯಾಕಪ್ ಇಲ್ಲದ ಕಾಲ! ಆದರೂ ಸ್ನೇಹಿತರು ಹೊಸದಾಗಿ ಕೂಡಿಸಿ ಕಳಿಸಿದ್ದನ್ನು 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ತೋರಿಸಿಯೇ ಬಿಟ್ಟರು.

ಆಗಿನ ಮುನಿಸಿಪಾಲಿಟಿಗಳಿಗೆ ಗೊತ್ತಿದ್ದುದು ಒಂದೇ ದಾರಿ: ಇಕ್ಕಟ್ಟಾದ ಕೇರಿಯ ಮೇಲೆ ಸ್ಕೇಲ್ ಇಟ್ಟು ನೇರ ರಸ್ತೆ ಎಳೆಯೋದು, ಅಡ್ಡ ಬಂದ ಮನೆ ಉರುಳಿಸೋದು. ಮನೆ ಕಳೆದುಕೊಂಡವರು ಪಕ್ಕದ ಕೇರಿಗೆ ಹೋಗಿ ಇನ್ನಷ್ಟು ಇಕ್ಕಟ್ಟು ಮಾಡುತ್ತಾರೆ ಅನ್ನೋದು ಗೆಡ್ಡಿಸ್ ತಕರಾರು. ಅವರು ಪ್ರತಿ ಗಲ್ಲಿಯನ್ನೂ ನಡೆದು ನೋಡಿ, ಬಿದ್ದುಹೋದ ಒಂದೆರಡು ಮನೆ ತೆಗೆದು, ಬಾವಿಕಟ್ಟೆ, ಮರ, ಗುಡಿ ಉಳಿಸಿ ಗಾಳಿಗೆ ದಾರಿ ಮಾಡುತ್ತಿದ್ದರು. ಖರ್ಚೂ ಕಮ್ಮಿ. ಸೊಳ್ಳೆ ಕಾಟ ಅಂತ ಕೆರೆ ಮುಚ್ಚಲು ಹೊರಟವರಿಗೆ ಮೀನು, ಬಾತುಕೋಳಿ ಬಿಡಿ ಅಂದರು. ಧರ್ಮಾಂಬುಧಿ ಕೆರೆಯನ್ನು ಬಸ್‌ಸ್ಟ್ಯಾಂಡ್ ಮಾಡಿಕೊಂಡ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತೆ.

ಇಂದೋರಿನಲ್ಲಿ ಪ್ಲೇಗು, ಮಲೇರಿಯಾ ಎರಡೂ ಇದ್ದವು. ನಕ್ಷೆ ಹಿಡಿದು ಓಡಾಡುವ ಗಡ್ಡದ ಸಾಹೇಬನನ್ನು ಕಂಡರೆ ಮನೆ ಒಡೆಸಲು ಬಂದವನೆಂದು ಜನಕ್ಕೆ ಭಯ. ಗೆಡ್ಡಿಸ್ ಒಂದು ದಿನದ ಮಟ್ಟಿಗೆ ತನ್ನನ್ನೇ ಮಹಾರಾಜ ಮಾಡಿ ಅಂತ ಕೇಳಿಕೊಂಡರು. ದೀಪಾವಳಿಯ ಮೆರವಣಿಗೆ ಯಾವ ಬೀದಿ ಹೆಚ್ಚು ಶುಚಿಯಾಗಿದೆಯೋ ಅಲ್ಲಿ ಸಾಗುತ್ತೆ ಅಂತ ಸಾರಿಸಿದರು. ಕಸ ಸಾಗಿಸೋದು ಪುಕ್ಕಟೆ. ಆರು ಸಾವಿರ ಗಾಡಿಗೂ ಹೆಚ್ಚು ಕಸ ಮನೆಗಳಿಂದ ಹೊರಬಂತು! ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ, ಪ್ಲೇಗಿನ ದೈತ್ಯ ಇಲಿ. ಅವುಗಳ ಹಿಂದೆ ಬಣ್ಣ ಬಳಿದ ಗಾಡಿಗಳು, ಹೊಸ ಬಿಳಿ ಬಟ್ಟೆ ತೊಟ್ಟು ಹಾರ ಹಾಕಿಕೊಂಡ ಪೌರಕಾರ್ಮಿಕರು. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಟ್ಟರು. ಊರು ಬದಲಾಗಲು ಸಿದ್ಧವೋ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಸರ್ವೇ ನಮಗಂತೂ ಗೊತ್ತಿಲ್ಲ. ನಂತರ 1918ರಲ್ಲಿ ಎರಡು ಸಂಪುಟದ ವರದಿ ಬಂತು.

ಅದೇ ಸುಮಾರಿಗೆ, 1917ರಲ್ಲಿ, ಮಗ ಅಲಾಸ್ಟೇರ್ ಫ್ರಾನ್ಸಿನ ಯುದ್ಧದಲ್ಲಿ ಸತ್ತಿದ್ದ. ಕೆಲವೇ ವಾರಗಳಲ್ಲಿ ಆನಾ ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು. ಗೆಡ್ಡಿಸ್ ಕೆಲಸ ನಿಲ್ಲಿಸಲಿಲ್ಲ. 1919ರಿಂದ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದರು, ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದರು.

ಹಾಗಂತ ಅವರು ಹೇಳಿದ್ದೆಲ್ಲ ನಡೀಲಿಲ್ಲ. ಇಲ್ಲಿಗೆಂದು ಬರೆದ ಹತ್ತಾರು ವರದಿಗಳಲ್ಲಿ ಬಹುಪಾಲು ಕಪಾಟಿನಲ್ಲೇ ಉಳಿದವು. ತಪ್ಪು ಅವರದೂ ಇತ್ತು. ಬರವಣಿಗೆ ಗೋಜಲು, ಮಾತು ಗಡ್ಡದೊಳಗೇ ಗೊಣಗಿದ ಹಾಗೆ.

1932ರಲ್ಲಿ ಸರ್ ಪದವಿ ಸಿಕ್ಕಿದ ಕೆಲವೇ ವಾರಗಳಲ್ಲಿ, ಏಪ್ರಿಲ್ 17ರಂದು, ಫ್ರಾನ್ಸಿನ ಮಾಂಪೆಲಿಯೆಯಲ್ಲಿ ತೀರಿಕೊಂಡರು. 1925ರಲ್ಲಿ ಟೆಲ್ ಅವೀವ್‌ಗೆ ಹಾಕಿಕೊಟ್ಟ ನಕ್ಷೆ ಮಾತ್ರ ಕಪಾಟು ಸೇರಲಿಲ್ಲ. ಅದರ ಮೇಲೆ ಬೆಳೆದ ಬಡಾವಣೆಗಳನ್ನು ಯುನೆಸ್ಕೋ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.