ಗಿಳಿಗಳ ಚಿತ್ರಕಾರ ಎಡ್ವರ್ಡ್ ಲಿಯರ್

ಗೂಬೆಯೂ ಬೆಕ್ಕೂ ದೋಣಿ ಏರಿ ಹೊರಡುವ ಮಕ್ಕಳ ಪದ್ಯ ಬರೆದ ಇಂಗ್ಲಿಷ್ ಕವಿ ಎಂದು ಎಡ್ವರ್ಡ್ ಲಿಯರ್‌ನನ್ನು ಹಲವರು ಬಲ್ಲರು. ವಿಜ್ಞಾನ ಬೋಧನೆಯ ಪ್ರಶಿಕ್ಷಣಾರ್ಥಿಯಾದ ನನಗೆ ಹತ್ತಿರವಾದದ್ದು ಆ ಕವಿತೆಗೂ ಎಷ್ಟೋ ಹಿಂದಿನ ಲಿಯರ್. ಆಗ ಅವನಿಗೆ ಹದಿನೆಂಟು ವರ್ಷ. ಕೈಯಲ್ಲಿ ಪೆನ್ಸಿಲ್, ಎದುರಿಗೆ ಜೀವಂತ ಗಿಳಿ, ಮನಸ್ಸಿನಲ್ಲಿ ಯಾರಿಗೂ ಹೇಳದ ಒಂದು ಕಾಯಿಲೆ.

ಲಿಯರ್ ಹುಟ್ಟಿದ್ದು 1812ರ ಮೇ 12ರಂದು, ಲಂಡನ್ ಬಳಿಯ ಹಾಲೊವೇಯಲ್ಲಿ. ಷೇರು ವ್ಯವಹಾರದಲ್ಲಿದ್ದ ತಂದೆ ನಷ್ಟಕ್ಕೆ ಸಿಕ್ಕಿದಾಗ ಮಕ್ಕಳೊಂದಿಗನ ದೊಡ್ಡ ಸಂಸಾರ ತತ್ತರಿಸಿತು. ಈ ಹುಡುಗನ ಪಾಲನೆ ಹಿರಿಯಕ್ಕ ಆ್ಯನ್ ಮೇಲೆ ಬಿತ್ತು. ಅವಳು ಅವನಿಗಿಂತ 21 ವರ್ಷ ದೊಡ್ಡವಳು. ಓದು, ಬರಹ, ಹೂವು-ಹಕ್ಕಿಗಳ ಚಿತ್ರ ಎಲ್ಲವನ್ನೂ ಅವನು ಮನೆಯಲ್ಲಿಯೇ ಕಲಿತ. ಐದಾರು ವರ್ಷದವನಿದ್ದಾಗ ಅಪಸ್ಮಾರ ಕಾಣಿಸಿಕೊಂಡಿತು. ಜೊತೆಗೆ ಉಬ್ಬಸ, ಮಂದದೃಷ್ಟಿ. ಶಾಲೆಗೆ ಹೋದದ್ದು ಅಲ್ಪಕಾಲ ಮಾತ್ರ. ಹದಿನೈದು-ಹದಿನಾರರ ಹೊತ್ತಿಗೆ ಹೊಟ್ಟೆಪಾಡಿಗಾಗಿ ಬೀಸಣಿಗೆಗಳಿಗೆ ಬಣ್ಣ ಹಾಕುತ್ತಿದ್ದ, ವೈದ್ಯರಿಗೆ ರೋಗಗಳ ಚಿತ್ರ ಬರೆದುಕೊಡುತ್ತಿದ್ದ.

1830ರಲ್ಲಿ ಲಂಡನ್ ಮೃಗಾಲಯದ ಗಿಳಿಗಳನ್ನು ಚಿತ್ರಿಸಲು ಅವನಿಗೆ ಅನುಮತಿ ಸಿಕ್ಕಿತು. ಹಕ್ಕಿಗಳ ಚಿತ್ರಕ್ಕೆ ಹುಲ್ಲು ತುಂಬಿದ ಸತ್ತ ಮಾದರಿಗಳನ್ನೇ ನೆಚ್ಚಿಕೊಳ್ಳುತ್ತಿದ್ದ ಕಾಲವದು. ಲಿಯರ್ ಬದುಕಿರುವ ಹಕ್ಕಿಯನ್ನೇ ನೋಡಿ ಬರೆದ. ಕಾವಲುಗಾರ ಗಿಳಿಯನ್ನು ಹಿಡಿದುಕೊಂಡರೆ ಇವನು ರೆಕ್ಕೆ, ಬಾಲ, ಕೊಕ್ಕುಗಳನ್ನು ಅಳೆಯುತ್ತಿದ್ದ. ಕರಡು ಚಿತ್ರದ ಅಂಚಿನಲ್ಲಿ ಬಣ್ಣದ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಆಮೇಲೆ ಕಲ್ಲಚ್ಚಿನ ಕಲ್ಲಿನ ಮೇಲೆ ತಾನೇ ಚಿತ್ರ ಬಿಡಿಸುತ್ತಿದ್ದ. 1832ರ ಹೊತ್ತಿಗೆ 42 ಚಿತ್ರಗಳು ಕಂತುಕಂತಾಗಿ ಹೊರಬಂದವು. ಅಚ್ಚು ಹಾಕಿಸಿದ್ದು ಕೇವಲ 175 ಪ್ರತಿ. ಕೈಯಲ್ಲಿ ಹಣ ಉಳಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ಮುಂದೆ 1856ರಲ್ಲಿ ಬ್ರೆಜಿಲ್ಲಿನ ಒಂದು ನೀಲಿ ಮಕಾವ್ ಪ್ರಭೇದಕ್ಕೆ ಅವನ ಹೆಸರನ್ನೇ ಇಟ್ಟರು.

ಗಿಳಿಯ ಚಿತ್ರಗಳನ್ನು ಮೆಚ್ಚಿದ ಲಾರ್ಡ್ ಸ್ಟ್ಯಾನ್ಲಿ ಲಿವರ್‌ಪೂಲ್ ಬಳಿಯ ತಮ್ಮ ಮನೆತನದ ಎಸ್ಟೇಟಿಗೆ ಕರೆಸಿಕೊಂಡು, ಅಲ್ಲಿ ಸಾಕಿದ್ದ ಪ್ರಾಣಿಪಕ್ಷಿಗಳ ಚಿತ್ರ ಬರೆಸಿದರು. ಆ ಮನೆಯ ಮಕ್ಕಳನ್ನು ನಗಿಸಲು ಬರೆದ ಚುಟುಕಗಳೇ 1846ರಲ್ಲಿ ಪುಸ್ತಕವಾದವು. ಅದೇ ವರ್ಷ ವಿಕ್ಟೋರಿಯಾ ರಾಣಿಗೂ ಅವನು ಚಿತ್ರಕಲೆ ಹೇಳಿಕೊಟ್ಟ. 1874ರಲ್ಲಿ ಭಾರತ ಸುತ್ತುತ್ತಾ ಬೆಂಗಳೂರಿಗೂ ಬಂದು ಲಾಲ್‌ಬಾಗನ್ನು ಕಂಡು ಮೆಚ್ಚಿದ. 1888ರಲ್ಲಿ ಇಟಲಿಯ ಸಾನ್ ರೆಮೊದಲ್ಲಿ ತೀರಿಕೊಂಡ.

ಇಷ್ಟೂ ಕಾಲ ಕಾಯಿಲೆ ಅವನನ್ನು ಬಿಟ್ಟಿರಲಿಲ್ಲ. ಆದರೆ ಮನೆಯವರ ಹೊರಗೆ ಬಹುತೇಕ ಯಾರಿಗೂ ಅದು ಗೊತ್ತಾಗಲಿಲ್ಲ. ಸೆಳೆತಕ್ಕೆ ಮುಂಚೆ ಅವನಿಗೆ ಮುನ್ಸೂಚನೆ ಸಿಗುತ್ತಿತ್ತು. ಕೂಡಲೇ ಎದ್ದು ತನ್ನ ಕೋಣೆ ಸೇರುತ್ತಿದ್ದ. ದಿನಚರಿಯಲ್ಲಿ ಆ ದಿನಕ್ಕೆ ಒಂದು ಅಡ್ಡಗೀಟಿನ ಗುರುತು ಹಾಕುತ್ತಿದ್ದ. ಪರಿಣಾಮಕಾರಿಯಾದ ಮೊದಲ ಔಷಧ ಬ್ರೋಮೈಡ್ ಬಳಕೆ ವರದಿಯಾದದ್ದೇ 1857ರಲ್ಲಿ. ಅಷ್ಟರಲ್ಲಿ ಅವನ ಯೌವನ ಮುಗಿದಿತ್ತು. ಔಷಧವಿಲ್ಲದ ಕಾಯಿಲೆಗೆ ನಾಚಿಕೆಯ ಭಾರವೂ ಸೇರಿತ್ತು. ಅವನು ಮದುವೆಯಾಗಲಿಲ್ಲ.

ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಫಿಟ್ಸ್ ಬಂತು. ಯಾರೋ ಬೀಗದ ಕೈ ಗೊಂಚಲು ತಂದು ಅವನ ಮುಷ್ಟಿಯಲ್ಲಿಟ್ಟರು. ಎರಡು ನಿಮಿಷದಲ್ಲಿ ಎಚ್ಚರವಾಯಿತು. ಅದು ಬೀಗದ ಕೈಯಿಂದ ಆದದ್ದಲ್ಲ, ಸೆಳೆತ ತಾನಾಗಿ ನಿಂತದ್ದು. ಮೂರು ದಿನ ಅವನು ಶಾಲೆಗೆ ಬರಲಿಲ್ಲ. ಬಂದಾಗ ಹಿಂದಿನ ಬೆಂಚಿನ ತುದಿಯಲ್ಲಿ ಒಬ್ಬನೇ ಕುಳಿತ.

ಅದೇ ವಾರ ಅದೇ ತರಗತಿಗೆ ವೀಕ್ಷಣೆಯ ಕೌಶಲ ಕುರಿತ ನನ್ನ ಪಾಠವಿತ್ತು. ಲಿಯರ್‌ನ ವಿಧಾನವನ್ನೇ ಚಟುವಟಿಕೆಯಾಗಿಸಿದೆ: ಒಂದು ದಾಸವಾಳ, ಒಂದು ಸ್ಕೇಲು, ಬಣ್ಣದ ಟಿಪ್ಪಣಿ. ಅವನ ಅಪಸ್ಮಾರದ ವಿಷಯ ಹೇಳಬೇಕೇ ಬೇಡವೇ ಎಂದು ಮಾರ್ಗದರ್ಶಕ ಶಿಕ್ಷಕಿಯೊಡನೆ ಚರ್ಚಿಸಿದೆ. ಹೇಳಿದರೆ ಆ ಹುಡುಗನಿಗೆ ಧೈರ್ಯ ಬರಬಹುದಿತ್ತು. ಆದರೆ ಅದಕ್ಕೂ ಮೊದಲು ನಲವತ್ತು ತಲೆಗಳು ಹಿಂದಿನ ಬೆಂಚಿನ ಕಡೆ ತಿರುಗುತ್ತಿದ್ದವು. ಹೇಳದಿರಲು ನಿರ್ಧರಿಸಿದೆವು. ಕಾಯಿಲೆ ಅವನದು, ಅದನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದೂ ಅವನಿಗೂ ಅವನ ಮನೆಯವರಿಗೂ ಸೇರಿದ್ದು.

ಹಾಗೆಂದು ಶಿಕ್ಷಕರು ಸುಮ್ಮನಿರುವಂತಿಲ್ಲ. ಸುಡುಗಾಯ, ಹಾವಿನ ಕಡಿತಗಳ ಪ್ರಥಮ ಚಿಕಿತ್ಸೆಯ ಸಾಲಿನಲ್ಲೇ ಫಿಟ್ಸ್ ಅನ್ನೂ ಕಲಿಸಿದರೆ ಯಾರ ಕಡೆಗೂ ಬೆರಳು ತೋರಿಸಿದಂತಾಗದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು, ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ಹಾಕಬಾರದು. ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂದು ಸರಿಯಾದ ಔಷಧ ಸಿಕ್ಕಿದರೆ ಸುಮಾರು 70% ರೋಗಿಗಳು ಸೆಳೆತವಿಲ್ಲದೆ ಬದುಕಬಲ್ಲರು ಎಂಬುದನ್ನು ಪೋಷಕರಿಗೂ ತಿಳಿಸಬೇಕು.

ಲಿಯರ್ ತನ್ನ ಗುಟ್ಟನ್ನು ಕೊನೆಯವರೆಗೂ ಕಾಪಾಡಿಕೊಂಡ. ಆದರೆ ಪ್ರತಿ ಸಲವೂ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಅದನ್ನು ಎದುರಿಸಬೇಕಾಯಿತು. ನಮ್ಮ ತರಗತಿಯ ಮಗು ಗುಟ್ಟನ್ನು ಇಟ್ಟುಕೊಳ್ಳಲಿ, ಬಿಡಲಿ; ಬಿದ್ದಾಗ ಏನು ಮಾಡಬೇಕೆಂದು ತಿಳಿದವರು ಅದರ ಪಕ್ಕದಲ್ಲಿರಬೇಕು. ಬೋಧನಾಭ್ಯಾಸಕ್ಕೆ ಹೊರಡುವ ಮುಂದಿನ ತಂಡದವರು ಪಾಠಯೋಜನೆಯ ಜೊತೆಗೆ ಇದನ್ನೂ ಕಲಿತು ಹೋಗಲಿ ಎಂಬುದು ನನ್ನ ಕೋರಿಕೆ.