ಕಾರಂತರ ಊರಿನಲ್ಲಿ ನಾನು ಕಲಿತ ಪಾಠ

ಬೋಧನಾಭ್ಯಾಸದ ಮೊದಲ ವಾರ ನನಗೆ ಸಿಕ್ಕಿದ್ದು ಮೂರನೇ ತರಗತಿ. ವಿಷಯ, ಕಾರಣ ಮತ್ತು ಪರಿಣಾಮ. ಬಿ.ಎಸ್ಸಿ. ಓದಿದವಳಿಗೆ ಇದೇನು ಕಷ್ಟ ಎಂದುಕೊಂಡಿದ್ದೆ. ಚಾರ್ಟಿನಲ್ಲಿ ಎಡಕ್ಕೆ ಕಾರಣ, ಬಲಕ್ಕೆ ಪರಿಣಾಮ ಎಂದು ಬರೆದು ನಡುವೆ ಬಾಣ ಎಳೆದಿದ್ದೆ. ಜೂನ್ ತಿಂಗಳು, ಹೊರಗೆ ಮಳೆ. ಮಳೆ ಯಾಕೆ ಬರುತ್ತದೆ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಕಪ್ಪೆ ಕೂಗಿದ್ದಕ್ಕೆ ಎಂದಳು. ಮಕ್ಕಳು ನಕ್ಕರು. ನಾನೂ ನಕ್ಕುಬಿಟ್ಟೆ. ತಪ್ಪು, ಕೂತುಕೋ ಎಂದು ಹೇಳಿ ಮೋಡದ ಚಿತ್ರ ತೋರಿಸಿದೆ. ಮುಂದಿನ ಎರಡು ದಿನ ಅವಳು ಬಾಯಿ ತೆರೆಯಲಿಲ್ಲ.

ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಅದು ಅವಳಿಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಿದಿರಾ? ನಾನು ಕೇಳಿರಲಿಲ್ಲ.

ನನ್ನ ಮನೆ ಬೈಂದೂರು ಕಡೆ. ಶಾಲೆ ಇರುವುದು ಕುಂದಾಪುರ ದಾಟಿ ಕೋಟದ ದಾರಿಯಲ್ಲಿ. ಶಿವರಾಮ ಕಾರಂತರು ಹುಟ್ಟಿದ ಊರು ಕೋಟ; ಈಗ ಬ್ರಹ್ಮಾವರ ತಾಲೂಕಿನಲ್ಲಿದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಕಾರಂತರು ನನಗೆ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿದ್ದರು ಅಷ್ಟೆ: 1977ರ ಜ್ಞಾನಪೀಠ, ಮೂಕಜ್ಜಿಯ ಕನಸುಗಳು. ಆ ಶಿಕ್ಷಕಿಯೇ, ಮಕ್ಕಳಿಗೆ ಪಾಠ ಮಾಡುವ ಮೊದಲು ಇವರನ್ನು ಓದಿ ಎಂದು ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕೊಟ್ಟರು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಅರ್ಥವಾದ ಕಾರಂತರನ್ನು ಇಲ್ಲಿ ಬರೆಯುತ್ತೇನೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಹೈಸ್ಕೂಲು ಓದಿದ್ದು ಕುಂದಾಪುರದಲ್ಲಿ, ಕಾಲೇಜಿಗೆ ಸೇರಿದ್ದು ಮಂಗಳೂರಿನಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಾಗ ಕಾಲೇಜು ಬಿಟ್ಟು ಹೊರಬಂದರು. 1927ರವರೆಗೆ ಖಾದಿ, ಸ್ವದೇಶಿ ಪ್ರಚಾರದಲ್ಲೇ ಕಳೆದರು. ಪದವಿ ಪಡೆಯಲಿಲ್ಲ. ಆಮೇಲೆ ಅವರು ಕಲಿತದ್ದೆಲ್ಲ ಸ್ವತಃ ಮಾಡಿ ನೋಡಿ ಕಲಿತದ್ದು. ‘ವಸಂತ’ ಎಂಬ ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಫೋಟೊ ತೆಗೆದರು, ಮೂಕಿ ಸಿನಿಮಾ ಮಾಡಿದರು, ಯಕ್ಷಗಾನದ ಕುಣಿತವನ್ನು ಬಿಡಿಸಿ ನೋಡಿ ಮತ್ತೆ ಕಟ್ಟಿದರು. ಕೆಲವು ಕೈಗೂಡಿದವು, ಹಲವು ಸಾಲ ತಂದವು. ಒಂದು ಕೆಲಸ ಕೆಟ್ಟರೆ ಯಾಕೆ ಕೆಟ್ಟಿತು ಎಂದು ತಿಳಿದು ಇನ್ನೊಂದಕ್ಕೆ ಕೈಹಾಕುವುದು ಅವರ ಸ್ವಭಾವ.

ಪುತ್ತೂರಿನಲ್ಲಿ ಅವರು ನೆಲೆಸಿದ ಜಾಗವೇ ಬಾಲವನ. ಮಕ್ಕಳು ಆಟ, ಚಿತ್ರ, ನಾಟಕ, ಗಿಡಮರಗಳ ನಡುವೆ ಕಲಿಯಬೇಕೆಂದು ಅಲ್ಲಿ ಪ್ರಯೋಗಶಾಲೆಯೊಂದನ್ನು ನಡೆಸಿದರು. 1936ರಲ್ಲಿ ಮದುವೆಯಾದ ಲೀಲಾ ಅವರೂ ಆ ಬದುಕಿನಲ್ಲಿ ಜೊತೆಯಾದರು. ಶಾಲೆ ಬಹುಕಾಲ ನಡೆಯಲಿಲ್ಲ. ಆದರೆ ಅದರ ಹಿಂದಿನ ಯೋಚನೆಯನ್ನು ಕಾರಂತರು ಕೈಬಿಡಲಿಲ್ಲ, ಪುಸ್ತಕಕ್ಕೆ ತಂದರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬಂದದ್ದು 1936ರಲ್ಲಿ. ಭೂಮಿ, ಪ್ರಾಣಿ, ಯಂತ್ರ, ಮನುಷ್ಯ, ಹೀಗೆ ಜಗತ್ತನ್ನೇ ಚಿತ್ರಗಳೊಡನೆ ಕನ್ನಡದ ಮಕ್ಕಳ ಮುಂದೆ ಇಟ್ಟರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ವಿಜ್ಞಾನದ ಪದವಿ ಇಲ್ಲದವರು ಒಬ್ಬರೇ ಇದನ್ನು ಮಾಡಿದರು ಎಂಬುದನ್ನು ಓದಿದಾಗ, ಪದವಿ ಇಟ್ಟುಕೊಂಡ ನನಗೆ ನಾಚಿಕೆಯಾಯಿತು.

ಅವರ ಕಾದಂಬರಿಗಳಲ್ಲೂ ಇದೇ ದೃಷ್ಟಿ ಇದೆ. 1933ರ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಒಂದು ತುಂಡು ಗದ್ದೆ ಬೇಕು, ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಅಲ್ಲಿಂದ ಸಂಸಾರ ಒಂದೊಂದಾಗಿ ಕಳಚುತ್ತದೆ. ಅವನ ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಲು ಯಾರೂ ಮುಂದೆ ಬರುವುದಿಲ್ಲ. ಹುಡುಗ ಸಾಯಲು ಕಾರಣ ಹೊಳೆಯೋ, ಮುಟ್ಟಬಾರದೆಂಬ ಕಟ್ಟಳೆಯೋ? ನನ್ನ ಚಾರ್ಟಿನ ಒಂದೇ ಬಾಣಕ್ಕೆ ಉತ್ತರ ಸಿಗದ ಪ್ರಶ್ನೆ ಇದು. ಮೂಕಜ್ಜಿಯೂ ಹಾಗೆಯೇ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು ಅದರ ಹಿಂದಿನ ಕತೆಗೆ ಹೋಗುತ್ತಾಳೆ. ವಸ್ತು ಮೊದಲು, ಮಾತು ಆಮೇಲೆ.

ಇದರಿಂದ ಮುಂದೇನಾಗುತ್ತದೆ ಎಂದು ಕೇಳುವ ಅಭ್ಯಾಸ ಅವರಿಗೆ ಮುಪ್ಪಿನಲ್ಲೂ ಹೋಗಲಿಲ್ಲ. 1968ರಲ್ಲಿ ಪದ್ಮಭೂಷಣ ಬಂದಿತ್ತು. ತುರ್ತುಪರಿಸ್ಥಿತಿ ಹೇರಿದಾಗ ಅದನ್ನು ಹಿಂದಿರುಗಿಸಿದರು. ಕೈಗಾದಲ್ಲಿ ಅಣುಸ್ಥಾವರ ಬರುತ್ತದೆಂದಾಗ ಕಾಡು, ಹೊಳೆ, ಜನರಿಗೆ ಆಗುವ ಪರಿಣಾಮವನ್ನು ಕೇಳುತ್ತ ಬೀದಿಗಿಳಿದರು. ಅದೇ ಪ್ರಶ್ನೆ ಇಟ್ಟುಕೊಂಡು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆಗ ಅವರಿಗೆ 87. ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದು, 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು.

ಇಷ್ಟು ಓದಿದ ಮೇಲೆ ನಾನು ಚಾರ್ಟನ್ನು ಸುತ್ತಿಟ್ಟೆ. ಅಡುಗೆಯ ಮೂಲಕ ಪಾಠ ಮಾಡುವ ಯೋಚನೆ ನನ್ನದು, ಕಾರಂತರದ್ದಲ್ಲ. ಆದರೆ ವಸ್ತುವನ್ನು ಮೊದಲು ಮಕ್ಕಳ ಮುಂದೆ ಇಡು ಎಂಬುದನ್ನು ಅವರಿಂದ ತೆಗೆದುಕೊಂಡೆ.

ಮೊದಲು ಕತೆ. ಬಾಲ ಕಳೆದುಕೊಂಡು ಕತ್ತಿ ಪಡೆದ ಮಂಗನ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಕತ್ತಿ ಹೋಗಿ ಸೌದೆ, ಸೌದೆ ಹೋಗಿ ದೋಸೆ, ದೋಸೆ ಹೋಗಿ ಡೋಲು. ಕತೆ ಹೇಳಿ ಮುಗಿಸಿ, ಸೌದೆ ಸಿಗದೆ ಇದ್ದಿದ್ದರೆ ಎಂದು ಕೇಳಿದೆ. ದೋಸೆ ಇಲ್ಲ ಎಂದರು. ದೋಸೆ ಇಲ್ಲದಿದ್ದರೆ? ಡೋಲೂ ಇಲ್ಲ. ಕೊಂಡಿ ಕಳಚಿದರೆ ಸರಪಳಿ ನಿಲ್ಲುತ್ತದೆ ಎಂಬುದು ಅವರಿಗೇ ಹೊಳೆಯಿತು.

ಆಮೇಲೆ ದೋಸೆಯಿಂದ ಹಿಟ್ಟಿಗೆ ಬಂದೆವು. ರುಬ್ಬಿಟ್ಟ ಉದ್ದಿನ ಹಿಟ್ಟು ಯಾಕೆ ಉಬ್ಬುತ್ತದೆ? ರಾತ್ರಿ ಆಗುವುದಕ್ಕೆ ಎಂದರು ಹೆಚ್ಚಿನವರು. ಮನೆಯಲ್ಲಿ ಅವರು ನೋಡಿದ್ದು ಹಾಗೆಯೇ: ಸಂಜೆ ರುಬ್ಬುತ್ತಾರೆ, ಬೆಳಗ್ಗೆ ಉಬ್ಬಿರುತ್ತದೆ. ಇದು ಕಪ್ಪೆ ಮತ್ತು ಮಳೆಯ ಉತ್ತರವೇ ಎಂದು ನನಗೆ ಆ ಕ್ಷಣ ಗೊತ್ತಾಯಿತು. ಒಟ್ಟಿಗೆ ಬಂದದ್ದನ್ನೇ ಕಾರಣ ಎಂದುಕೊಳ್ಳುವುದು. ಈ ಸಲ ತಪ್ಪು ಎನ್ನಲಿಲ್ಲ. ಹೌದೋ ಅಲ್ಲವೋ ನೋಡುವುದು ಹೇಗೆ ಎಂದು ಕೇಳಿದೆ.

ಮರುದಿನ ಮೂರು ಡಬ್ಬಿ ಒಯ್ದೆ. ಮೂರರಲ್ಲೂ ಒಂದು ಲೋಟ ಉದ್ದಿಗೆ ಎರಡು ಲೋಟ ಅಕ್ಕಿ ರವೆಯ ಹಿಟ್ಟು. ಮೊದಲನೆಯದು ಹಿಂದಿನ ಸಂಜೆ ರುಬ್ಬಿ ಅಡುಗೆಮನೆಯಲ್ಲಿಟ್ಟದ್ದು. ಎರಡನೆಯದು ಅದೇ ಹಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟದ್ದು. ಮೂರನೆಯದು ಬೆಳಗ್ಗೆ ಐದಕ್ಕೆ ರುಬ್ಬಿದ್ದು. ಹಿಟ್ಟು ಎಲ್ಲಿಯವರೆಗಿದೆಯೋ ಅಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಅಮ್ಮ ಹೇಳಿದರೂ ಕೇಳದೆ ಮೊದಲ ಡಬ್ಬಿಯ ಮುಚ್ಚಳ ಬಿಗಿ ಮಾಡಿದ್ದರಿಂದ ಬಸ್ಸಿನಲ್ಲೇ ಅದು ಉಕ್ಕಿ, ಪಾಠಯೋಜನೆಯ ಪುಸ್ತಕವೆಲ್ಲ ಹಿಟ್ಟಾಯಿತು. ಅದನ್ನೇ ಮಕ್ಕಳಿಗೆ ತೋರಿಸಿದೆ. ಕಾರಣ ಕಂಡುಹಿಡಿಯಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಫ್ರಿಜ್ಜಿನ ಹಿಟ್ಟು ಬ್ಯಾಂಡಿನಿಂದ ಹೆಚ್ಚು ಮೇಲೆ ಹೋಗಿರಲಿಲ್ಲ. ಅದಕ್ಕೂ ರಾತ್ರಿ ಕಳೆದಿತ್ತಲ್ಲ ಎಂದಾಗ ತರಗತಿ ಸುಮ್ಮನಾಯಿತು. ಮೂರನೇ ಡಬ್ಬಿಯನ್ನು ಬಿಸಿಯೂಟದ ಅಡುಗೆಕೋಣೆಯಲ್ಲಿ ಬೆಚ್ಚಗಿನ ಕಡೆ ಇಟ್ಟೆವು. ಪ್ರತಿ ಬಿಡುವಿನಲ್ಲೂ ಮಕ್ಕಳು ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದರು. ಮೂರೂವರೆ ಹೊತ್ತಿಗೆ ಹಿಟ್ಟು ಬ್ಯಾಂಡಿನಿಂದ ಎರಡು ಬೆರಳು ಮೇಲಿತ್ತು. ಆಗ ಆ ಹುಡುಗಿ ಎದ್ದಳು. ಹಾಗಾದರೆ ರಾತ್ರಿ ಅಲ್ಲ, ಸೆಕೆ ಎಂದಳು. ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿವೆ, ಬೆಚ್ಚಗಿದ್ದರೆ ಅವು ಬೇಗ ಬೆಳೆದು ಗಾಳಿ ಬಿಡುತ್ತವೆ, ಆ ಗಾಳಿಯೇ ಹಿಟ್ಟನ್ನು ಎತ್ತುತ್ತದೆ ಎಂದು ನಾನು ಹೇಳಿದ್ದು ಆಮೇಲೆ. ಅಡುಗೆಯವರು ಎರಡೂ ಹಿಟ್ಟಿನಿಂದ ಇಡ್ಲಿ ಬೇಯಿಸಿಕೊಟ್ಟರು. ಫ್ರಿಜ್ಜಿನ ಹಿಟ್ಟಿನ ಇಡ್ಲಿ ಚಪ್ಪಟೆ, ಗಟ್ಟಿ. ಮಕ್ಕಳು ಅದನ್ನೂ ಬಿಡಲಿಲ್ಲ.

ಹೊರಡುವ ಮೊದಲು ಅವಳ ಹತ್ತಿರ ಹೋಗಿ, ಕಪ್ಪೆಯ ವಿಷಯ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ತಡವಾಗಿ ಕೇಳಿದ ಪ್ರಶ್ನೆ. ಅವರ ಮನೆಯ ಹಿಂದಿನ ಗದ್ದೆಯಲ್ಲಿ ಕಪ್ಪೆ ಕೂಗಿದ ದಿನವೆಲ್ಲ ಮಳೆ ಬಂದಿತ್ತಂತೆ. ಅವಳು ಎಣಿಸಿದ್ದಳು. ಕಪ್ಪೆ ಕೂಗದ ದಿನ ಮಳೆ ಬರುತ್ತದೆಯೋ ಎಂಬುದನ್ನೂ ಬರೆದಿಡುತ್ತೀಯಾ ಎಂದೆ. ತಲೆಯಾಡಿಸಿದಳು. ನನ್ನ ಬೋಧನಾಭ್ಯಾಸ ಮುಗಿದ ದಿನ ಅವಳ ಪುಸ್ತಕದಲ್ಲಿ ಒಂಬತ್ತು ದಿನಗಳ ಲೆಕ್ಕ ಇತ್ತು. ಉತ್ತರವನ್ನು ಅವಳು ಇನ್ನೂ ಬರೆದಿರಲಿಲ್ಲ. ನಾನೂ ಹೇಳಲಿಲ್ಲ.